‘ಏನೂ ಸಿಗಲಿಲ್ಲ’ ಎನ್ನಲು ಹೆದರದ ಸಾಫ್ಟ್‌ವೇರ್: ಆಡ್‌ಡಬ್ಲ್ಯುಕ್ಲೀನರ್ ಬಗ್ಗೆ ಜೆರಾಕ್ಸ್ ಅಂಗಡಿಯವನ ಅಭಿಪ್ರಾಯ

ವೈರಸ್ ತೆಗೆಯುತ್ತೇನೆ ಎನ್ನುವ ಸಾಫ್ಟ್‌ವೇರ್ ಅಸಲಿಯೋ ನಕಲಿಯೋ ಎಂದು ನೋಡಲು ನನ್ನದೊಂದು ಪರೀಕ್ಷೆ ಇದೆ. ಹೊಸದಾಗಿ ವಿಂಡೋಸ್ ಹಾಕಿದ, ಇನ್ನೂ ಒಂದು ಫೈಲೂ ಇಲ್ಲದ ಸಿಸ್ಟಮ್‌ನಲ್ಲಿ ಅದನ್ನು ಓಡಿಸುತ್ತೇನೆ. ಅಲ್ಲಿ ಅಪಾಯ ಸಿಗಬಾರದು, ಅಲ್ವಾ? ಆದರೂ ನೂರಾರು ಸಾಲು ಕೆಂಪು ಬಣ್ಣದಲ್ಲಿ ತೋರಿಸಿ, ‘ಈಗಲೇ ಸರಿಪಡಿಸಿ’ ಎಂಬ ದೊಡ್ಡ ಬಟನ್ ಮುಂದೆ ತಂದಿಟ್ಟರೆ, ಆ ಸಾಫ್ಟ್‌ವೇರೇ ರೋಗ. ಇದನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ. ನನ್ನ ಹತ್ತಿರ ಇದಕ್ಕೆಂದೇ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಕೆಲಸ ಮುಗಿದ ಮೇಲೆ ಅದನ್ನು ಫಾರ್ಮ್ಯಾಟ್ ಹೊಡೆಯುತ್ತೇನೆ.

ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾದದ್ದು ಆಡ್‌ಡಬ್ಲ್ಯುಕ್ಲೀನರ್ (AdwCleaner), ಕೇಳದೆ ನುಗ್ಗಿದ ಜಾಹೀರಾತು ಪ್ರೋಗ್ರಾಂಗಳನ್ನು ತೆಗೆಯುವ ಬಿಟ್ಟಿ ಸಾಫ್ಟ್‌ವೇರ್. ಓಡಿತು, ಹುಡುಕಿತು, ಏನೂ ಇಲ್ಲ ಎಂದಿತು, ಸುಮ್ಮನಾಯಿತು. ಅಂಗಡಿಯಲ್ಲಿ ಇದನ್ನು ಬಹಳ ಕಾಲದಿಂದ ಬಳಸುತ್ತಿರುವುದರಿಂದ ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆಯುತ್ತೇನೆ.

ತಿಪಟೂರಿನಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಪಹಣಿ ತೆಗೆಸುವವರು, ಸ್ಕಾಲರ್‌ಶಿಪ್ ಅರ್ಜಿಯ ಹುಡುಗರು, ಲಗ್ನಪತ್ರಿಕೆ ಮಾಡಿಸುವವರು ಎಲ್ಲರೂ ಬರುತ್ತಾರೆ. ಜೊತೆಗೆ ಅವರ ಪೆನ್‌ಡ್ರೈವ್‌ಗಳೂ ಬರುತ್ತವೆ. ಕಂಪ್ಯೂಟರ್ ರಿಪೇರಿ ನನ್ನ ಬೋರ್ಡಿನಲ್ಲಿ ಇಲ್ಲ. ಆದರೂ ‘ಸ್ವಲ್ಪ ನೋಡ್ಕೊಡಪ್ಪ’ ಎಂದು ಲ್ಯಾಪ್‌ಟಾಪ್ ಹಿಡಿದು ಬರುವವರು ಇದ್ದೇ ಇರುತ್ತಾರೆ.

ಹಾಗೆ ಬರುವುದರಲ್ಲಿ ನಿಜವಾದ ವೈರಸ್ ಕಡಿಮೆ. ವೈರಸ್ ಇದೆ ಎಂದು ಹೆದರಿಸುವ ಸಾಫ್ಟ್‌ವೇರೇ ಜಾಸ್ತಿ. ಡ್ರೈವರ್ ಅಪ್‌ಡೇಟ್ ಮಾಡುತ್ತೇನೆ ಎನ್ನುವುದು ಒಂದು, ಪಿಸಿ ಸ್ಪೀಡ್ ಮಾಡುತ್ತೇನೆ ಎನ್ನುವುದು ಇನ್ನೊಂದು. ಯಾವುದೋ ವಿಡಿಯೋ ಡೌನ್‌ಲೋಡರ್ ಹಾಕುವಾಗ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿದ್ದರ ಫಲವಾಗಿ ಇವು ಹಿಂದಿನ ಬಾಗಿಲಿಂದ ಬಂದಿರುತ್ತವೆ. ಒಬ್ಬ ಕೊಬ್ಬರಿ ಮಂಡಿಯವರು ಟ್ಯಾಲಿ ಇರುವ ಸಿಸ್ಟಮ್ ಹೊತ್ತುಕೊಂಡು ಬಂದು, “ಇದು ದುಡ್ಡು ಕಟ್ಟು ಅಂತ ಬೆಳಗಿಂದ ಪ್ರಾಣ ತಿಂತಾ ಇದೆ. ಕಟ್ಟಿಬಿಡಲಾ?” ಎಂದು ಕೇಳಿದರು. “ಕಟ್ಟಬೇಡಿ ಯಜಮಾನ್ರೇ, ಒಂದು ಟೀ ಕುಡಿದು ಬನ್ನಿ” ಎಂದೆ. ಅವರು ವಾಪಸ್ ಬರುವಷ್ಟರಲ್ಲಿ ಆ ಪ್ರೋಗ್ರಾಂ ಹೋಗಿತ್ತು, ಬ್ರೌಸರ್‌ನ ಮೊದಲ ಪುಟ ಮೊದಲಿನಂತೆ ಆಗಿತ್ತು. ಆಡ್‌ಡಬ್ಲ್ಯುಕ್ಲೀನರ್ ಇರುವುದೇ ಇಂಥ ಕೆಲಸಕ್ಕೆ. ಜಾಹೀರಾತು ತುರುಕುವ ಪ್ರೋಗ್ರಾಂ, ಬ್ರೌಸರ್ ಕದಿಯುವ ಎಕ್ಸ್‌ಟೆನ್ಷನ್, ಕೇಳದೆ ಬಂದು ಕೂತ ಟೂಲ್‌ಬಾರ್, ಸುಳ್ಳು ‘ಕ್ಲೀನರ್’ಗಳು, ಇವೇ ಅದರ ಗುರಿ.

ಬಳಸುವುದು ಹೀಗೆ. ಇದನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಒಂದೇ ಒಂದು ಚಿಕ್ಕ ಫೈಲ್. ಡಬಲ್ ಕ್ಲಿಕ್ ಮಾಡಿ, ಅನುಮತಿ ಕೇಳಿದಾಗ ಹೌದು ಎಂದು ಹೇಳಿ, ಸ್ಕ್ಯಾನ್ ಒತ್ತಿದರೆ ಆಯಿತು. ಕೆಲವೇ ನಿಮಿಷದಲ್ಲಿ ಪಟ್ಟಿ ಬರುತ್ತದೆ. ಆ ಪಟ್ಟಿ ಓದಿ, ಬೇಡದ್ದಕ್ಕೆ ಟಿಕ್ ಇಟ್ಟು ಕ್ವಾರಂಟೈನ್ ಮಾಡಬೇಕು. ತೆಗೆಯುವ ಮುಂಚೆ ತೆರೆದಿರುವ ಪ್ರೋಗ್ರಾಂಗಳನ್ನೆಲ್ಲ ಮುಚ್ಚುತ್ತದೆ, ಆಮೇಲೆ ಸಿಸ್ಟಮ್ ರೀಸ್ಟಾರ್ಟ್ ಆಗಬಹುದು. ಅದಕ್ಕೇ ಮೊದಲು ನಿಮ್ಮ ಕೆಲಸ ಸೇವ್ ಮಾಡಿಕೊಳ್ಳಿ. ತೆಗೆದದ್ದು ಪೂರ್ತಿ ಅಳಿದು ಹೋಗುವುದಿಲ್ಲ, ಕ್ವಾರಂಟೈನ್‌ನಲ್ಲಿ ಬಂಧಿಯಾಗಿ ಇರುತ್ತದೆ. ಬೇಕಾದದ್ದೇನಾದರೂ ಹೋಗಿದ್ದರೆ ವಾಪಸ್ ತರಬಹುದು.

ನನಗೆ ಇಷ್ಟವಾಗಿದ್ದು ಅದು ಬಿಟ್ಟು ಹೋಗುವ ಲೆಕ್ಕ. ಸಿ ಡ್ರೈವ್‌ನಲ್ಲಿ ಅದರದೇ ಹೆಸರಿನ ಫೋಲ್ಡರ್ ಇರುತ್ತದೆ. ಒಳಗಿನ ಲಾಗ್ಸ್ ಎಂಬ ಫೋಲ್ಡರ್‌ನಲ್ಲಿ ಏನು ಸಿಕ್ಕಿತು, ಏನು ತೆಗೆಯಿತು ಎಂದು ಸಾಲು ಸಾಲಾಗಿ ಬರೆದಿರುತ್ತದೆ. ನಾನು ಅದನ್ನು ಪ್ರಿಂಟ್ ತೆಗೆದು ಗಿರಾಕಿಗೆ ಕೊಡುತ್ತೇನೆ. ಹೇಗೂ ಜೆರಾಕ್ಸ್ ಅಂಗಡಿ. ನಕಲಿ ಸಾಫ್ಟ್‌ವೇರ್‌ಗಳು ಈ ಕೆಲಸ ಮಾಡುವುದನ್ನು ನಾನು ನೋಡಿಲ್ಲ. ಅವು ಎಷ್ಟು ಸಿಕ್ಕಿತು ಎಂದು ಕೂಗುತ್ತವೆ. ಯಾವ ಫೈಲ್, ಯಾವ ಫೋಲ್ಡರ್ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಎರಡು ಕಡೆ ಎಚ್ಚರ ಇರಲಿ. ಲ್ಯಾಪ್‌ಟಾಪ್ ಕಂಪನಿಯವರೇ ಮೊದಲೇ ಹಾಕಿ ಕೊಟ್ಟ ಪ್ರೋಗ್ರಾಂಗಳನ್ನೂ ಇದು ಬೇರೆ ಪಟ್ಟಿಯಲ್ಲಿ ತೋರಿಸುತ್ತದೆ. ಅವು ವೈರಸ್ ಅಲ್ಲ. ಎಲ್ಲಕ್ಕೂ ಟಿಕ್ ಹಾಕಿದರೆ ನಾಳೆ ಕೀಬೋರ್ಡಿನ ಯಾವುದೋ ಬಟನ್ ಕೆಲಸ ಮಾಡುವುದಿಲ್ಲ ಎಂದು ಒದ್ದಾಡಬೇಕಾದೀತು. ಇನ್ನೊಂದು, ಬೇಸಿಕ್ ರಿಪೇರಿ ಎಂಬ ಆಯ್ಕೆ. ಪ್ರಾಕ್ಸಿ, ಹೋಸ್ಟ್ಸ್ ಫೈಲ್ ಇತ್ಯಾದಿ, ಅಂದರೆ ಸಿಸ್ಟಮ್ ಯಾವ ದಾರಿಯಲ್ಲಿ ಇಂಟರ್ನೆಟ್‌ಗೆ ಹೋಗಬೇಕೆಂದು ಹೇಳುವ ಸೆಟ್ಟಿಂಗ್‌ಗಳನ್ನು ಇದು ಮೊದಲ ಸ್ಥಿತಿಗೆ ತರುತ್ತದೆ. ಮನೆ ಸಿಸ್ಟಮ್‌ಗೆ ಒಳ್ಳೆಯದೇ. ಆಫೀಸಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಬೇಕೆಂದೇ ಮಾಡಿಟ್ಟಿದ್ದರೆ, ಅದನ್ನು ಮಾಡಿದವರನ್ನು ಕೇಳದೆ ಒತ್ತಬೇಡಿ.

ಆಡ್‌ಡಬ್ಲ್ಯುಕ್ಲೀನರ್ ಈಗ ಮಾಲ್‌ವೇರ್‌ಬೈಟ್ಸ್ ಎಂಬ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿಯದು, ಮೊದಲು ಆಗಿರಲಿಲ್ಲ. 2016ರಲ್ಲಿ ಆ ಕಂಪನಿ ಇದನ್ನು ಕೊಂಡುಕೊಂಡಿತು. ಈಗಲೂ ಬಿಟ್ಟಿ. ತಮಾಷೆ ಎಂದರೆ, ಹಿಂದೊಮ್ಮೆ ಇದೇ ಆಡ್‌ಡಬ್ಲ್ಯುಕ್ಲೀನರ್ ಹೆಸರಿನಲ್ಲಿ ಒಂದು ನಕಲಿಯೂ ಬಂದಿತ್ತು. ಹೆಸರು ಅದೇ, ವೇಷವೂ ಅದೇ. ಸ್ಕ್ಯಾನ್ ಮಾಡಿದಂತೆ ನಾಟಕ ಮಾಡಿ, ತೆಗೆಯಲು ದುಡ್ಡು ಕೇಳುತ್ತಿತ್ತು. ಅಸಲಿಯು ದುಡ್ಡೇ ಕೇಳುವುದಿಲ್ಲ ಎಂದು ತಿಳಿದವರು ಬಚಾವ್. ಹಾಗಾಗಿ ಹುಡುಕಾಟದಲ್ಲಿ ಮೊದಲು ಬರುವ ಜಾಹೀರಾತು ಲಿಂಕ್ ಒತ್ತಬೇಡಿ, ಮಾಲ್‌ವೇರ್‌ಬೈಟ್ಸ್‌ನ ಜಾಗದಿಂದಲೇ ಇಳಿಸಿಕೊಳ್ಳಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬಲ್ಲಿ ಆ ಕಂಪನಿಯ ಹೆಸರಿದೆಯೇ ನೋಡಿ. ಅರ್ಧ ನಿಮಿಷದ ಕೆಲಸ.

ಹೆದರಿಸಿ ಮಾರುವ ಈ ದಂಧೆ ಇವತ್ತಿನದಲ್ಲ. ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಎಂಬ ಹೆಸರುಗಳು ಹಳೇ ಸೈಬರ್ ಕೆಫೆಯವರಿಗೆ ನೆನಪಿರಬಹುದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಇವುಗಳ ಹಿಂದಿದ್ದವರ ಮೇಲೆ ಕೇಸು ಹಾಕಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮೋಸ ಹೋಗಿದ್ದರು ಎಂಬುದು ಅದರ ಆರೋಪ. 2012ರಲ್ಲಿ 16 ಕೋಟಿ 30 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಬೇಕೆಂದು ತೀರ್ಪು ಬಂತು. ಮ್ಯಾಕ್‌ಗೆ ಇದೆಲ್ಲ ಬರುವುದಿಲ್ಲ ಎನ್ನುವವರಿಗೆ 2011ರ ಮ್ಯಾಕ್ ಡಿಫೆಂಡರ್ ಉತ್ತರ. ಅದೂ ಆಂಟಿವೈರಸ್ ವೇಷದ ಕಳ್ಳನೇ.

ಇವೆಲ್ಲ ಗುರುತಿಲ್ಲದ ಕಳ್ಳರ ಕಥೆಯಾಯಿತು. ನನಗೆ ಜಾಸ್ತಿ ಸಿಟ್ಟು ಬರಿಸಿದ್ದು ಆಫೀಸ್ ಡಿಪೋದ ಕಥೆ. ಅಮೆರಿಕದ ದೊಡ್ಡ ಅಂಗಡಿ ಸಾಲು ಅದು. ಅಲ್ಲಿ ಗಿರಾಕಿಯ ಕಂಪ್ಯೂಟರ್‌ಗೆ ‘ಹೆಲ್ತ್ ಚೆಕ್’ ಮಾಡಿ ಕೊಡುತ್ತಿದ್ದರು. ಶುರುವಿನಲ್ಲಿ ನಾಲ್ಕು ಪ್ರಶ್ನೆ. ಸ್ಲೋ ಆಗಿದೆಯಾ, ಪಾಪ್‌ಅಪ್ ಬರುತ್ತಾ, ಹೀಗೆ. ಒಂದಕ್ಕೆ ಟಿಕ್ ಹಾಕಿದರೂ ಸಾಕು, ಕೊನೆಗೆ ‘ಮಾಲ್‌ವೇರ್ ಲಕ್ಷಣ ಕಂಡಿದೆ’ ಎಂದು ಬರುತ್ತಿತ್ತು. ಸ್ಕ್ಯಾನ್‌ಗೂ ಆ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ ಎಂದು ಅದೇ ಫೆಡರಲ್ ಟ್ರೇಡ್ ಕಮಿಷನ್ ಹೇಳಿತು. 2019ರಲ್ಲಿ ಆ ಅಂಗಡಿ ಮತ್ತು ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್ ಡಾಟ್ ಕಾಮ್ ಎರಡೂ ಸೇರಿ ಮೂರೂವರೆ ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಕಂತ್ರಿ ಸಾಫ್ಟ್‌ವೇರ್ ಯಾವಾಗಲೂ ಕಂತ್ರಿ ಕಡೆಯಿಂದಲೇ ಬರಬೇಕು ಎಂದಿಲ್ಲ. ನಮ್ಮ ಊರುಗಳಲ್ಲೂ ಲ್ಯಾಪ್‌ಟಾಪ್ ಮುಚ್ಚಳ ತೆರೆಯುವ ಮೊದಲೇ “ವೈರಸ್ ಅಣ್ಣಾ, ಫಾರ್ಮ್ಯಾಟ್ ಮಾಡ್ಲೇಬೇಕು” ಎನ್ನುವವರಿದ್ದಾರೆ. ಹೆಸರು ಬೇಡ.

ಈಗ ಆಡ್‌ಡಬ್ಲ್ಯುಕ್ಲೀನರ್ ಕೈಗೆ ಸಿಗದ ವಿಷಯಕ್ಕೆ ಬರುತ್ತೇನೆ. ರಿಟೈರ್ ಆದ ಮೇಷ್ಟ್ರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಬಲಗಡೆ ಕೆಳಗೆ ಪದೇ ಪದೇ ಚೀಟಿ ಬರುತ್ತಿತ್ತು. ‘ನಿಮ್ಮ ಆಂಟಿವೈರಸ್ ಅವಧಿ ಇಂದಿಗೆ ಮುಗಿದಿದೆ, ಐದು ವೈರಸ್ ಸಿಕ್ಕಿವೆ’ ಎಂದು. ಪಕ್ಕದಲ್ಲಿ ಹೆಸರಾಂತ ಕಂಪನಿಯೊಂದರ ಕದ್ದ ಲೋಗೋ. ಮೇಷ್ಟ್ರ ಪ್ರಶ್ನೆ ಸರಿಯಾಗಿಯೇ ಇತ್ತು. “ನಾನು ಯಾವ ಆಂಟಿವೈರಸ್ಸನ್ನೂ ಕೊಂಡೇ ಇಲ್ಲವಲ್ಲಯ್ಯ, ಅವಧಿ ಮುಗಿದಿದ್ದು ಯಾವುದರದ್ದು?”

ಸ್ಕ್ಯಾನ್ ಮಾಡಿದರೆ ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ಯಾಕೆಂದರೆ ಡಿಸ್ಕ್‌ನಲ್ಲಿ ಯಾವ ಪ್ರೋಗ್ರಾಮೂ ಇರಲಿಲ್ಲ. ಅವರು ಪಂಚಾಂಗದ ಪಿಡಿಎಫ್ ಹುಡುಕುತ್ತಾ ಯಾವುದೋ ಪುಟಕ್ಕೆ ಹೋಗಿದ್ದರು. ‘ನೀವು ರೋಬೋ ಅಲ್ಲ ಎಂದು ತೋರಿಸಲು ಅಲೋ (Allow) ಒತ್ತಿ’ ಎಂದಿತ್ತು. ಒತ್ತಿದರು. ಅದು ನೋಟಿಫಿಕೇಷನ್ ಕಳಿಸಲು ಕೊಟ್ಟ ಅನುಮತಿ. ಅವತ್ತಿನಿಂದ ಆ ಪುಟ ಕ್ರೋಮ್ ಮೂಲಕ ಚೀಟಿ ಕಳಿಸುತ್ತಲೇ ಇತ್ತು. ಒತ್ತಿದರೆ ಒಮ್ಮೊಮ್ಮೆ ಸುಳ್ಳು ಸ್ಕ್ಯಾನ್ ತೋರಿಸುವ ಪುಟ, ಒಮ್ಮೊಮ್ಮೆ ನಿಜವಾದ ಕಂಪನಿಯ ಮಾರಾಟದ ಪುಟವೇ ಬರುತ್ತದೆ. ನೀವು ಕೊಂಡರೆ ನಡುವಿನವನಿಗೆ ಕಮಿಷನ್.

ಇದನ್ನು ತೆಗೆಯಲು ಯಾವ ಸಾಫ್ಟ್‌ವೇರೂ ಬೇಡ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವೆಸಿ ಆಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಅನುಮತಿ ಪಡೆದವರ ಪಟ್ಟಿ ಅಲ್ಲಿರುತ್ತದೆ. ಗುರುತು ಪರಿಚಯ ಇಲ್ಲದ್ದನ್ನೆಲ್ಲ ತೆಗೆದುಹಾಕಿ. ಮೇಷ್ಟ್ರ ಪಟ್ಟಿಯಲ್ಲಿ ಓದಲೂ ಆಗದ ಹೆಸರುಗಳು ತುಂಬಿದ್ದವು. ಮೊಬೈಲ್‌ನಲ್ಲೂ ಇದೇ ಕಥೆ. ಅಲ್ಲಿ ಆ ಚೀಟಿಯನ್ನೇ ಒತ್ತಿ ಹಿಡಿದರೆ ಆಫ್ ಮಾಡುವ ದಾರಿ ಸಿಗುತ್ತದೆ. ಇವತ್ತು ‘ನಕಲಿ ಆಂಟಿವೈರಸ್’ ಎಂದು ನನ್ನ ಅಂಗಡಿಗೆ ಬರುವುದರಲ್ಲಿ ಜಾಸ್ತಿ ಇದೇ. ಹಾಗಾಗಿ ನಾನು ಮೊದಲು ನೋಡುವುದು ಈ ಪಟ್ಟಿಯನ್ನು, ಸ್ಕ್ಯಾನ್ ಆಮೇಲೆ.

ಇನ್ನೊಂದು ಜಾತಿ ಪೂರ್ತಿ ಪರದೆ ತುಂಬಿಕೊಂಡು ಸೈರನ್ ಹೊಡೆಯುವ ಪುಟ. ‘ಮೈಕ್ರೋಸಾಫ್ಟ್ ಸಪೋರ್ಟ್‌ಗೆ ಕರೆ ಮಾಡಿ’ ಎಂದು ಒಂದು ನಂಬರ್ ಇರುತ್ತದೆ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಇಷ್ಟು ತಿಳಿದಿದ್ದರೆ ಸಾಕು. ಎಸ್ಕೇಪ್ ಬಟನ್ ಒತ್ತಿ ಹಿಡಿಯಿರಿ. ಆಗಲಿಲ್ಲವಾ, ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಗಿಸಿ. ಮತ್ತೆ ತೆರೆದಾಗ ‘ಹಳೇ ಪುಟ ತರಲಾ’ ಎಂದರೆ ಬೇಡ ಎನ್ನಿ. ಕರೆ ಮಾಡಿದವರಿಗೆ ಆ ಕಡೆಯವನು ದೂರದಿಂದಲೇ ಸಿಸ್ಟಮ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸಿ, ವಿಂಡೋಸ್ ತನ್ನ ಸಣ್ಣಪುಟ್ಟ ತಪ್ಪುಗಳನ್ನೂ ಬರೆದಿಡುವ ಇವೆಂಟ್ ವ್ಯೂವರ್ ತೆರೆದು ತೋರಿಸುತ್ತಾನೆ. ‘ನೋಡಿ ಎಷ್ಟು ಎರರ್’ ಎನ್ನುತ್ತಾನೆ. ಕೆಂಪು, ಹಳದಿ ಗುರುತು ಎಲ್ಲ ಆರೋಗ್ಯವಂತ ವಿಂಡೋಸ್‌ನಲ್ಲೂ ಇರುತ್ತದೆ, ನನ್ನ ಅಂಗಡಿಯದ್ದರಲ್ಲೂ ಇದೆ. ದುಡ್ಡು ಹೋಗಿದ್ದರೆ ತಡ ಮಾಡದೆ ಬ್ಯಾಂಕಿಗೂ ಸೈಬರ್ ಮೋಸದ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ನಿಜವಾದ ವೈರಸ್ ಇದೆ ಎಂಬ ಅನುಮಾನ ಬಂದರೆ ಆಡ್‌ಡಬ್ಲ್ಯುಕ್ಲೀನರ್ ಸಾಲದು. ಅದು ಆಂಟಿವೈರಸ್ ಅಲ್ಲ. ಹಾಗೆಂದು ಯಾರೂ ಹೇಳಿಯೂ ಇಲ್ಲ. ಆಗ ನನ್ನ ಆಯ್ಕೆ ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಕೊನೆಯ ಕಡೆ ಸಿಗುತ್ತದೆ. ಸಿಸ್ಟಮ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಹುಡುಕುತ್ತದೆ. ಅಡಗಿಕೊಳ್ಳುವ ವೈರಸ್‌ಗೆ ಆಗ ಅಡಗಲು ಜಾಗ ಕಡಿಮೆ. ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಇದಕ್ಕೂ ದುಡ್ಡಿಲ್ಲ. ಬೇರೆ ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಹಿಂದೆ ಸರಿದು ಕೂತಿರುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಮುಗಿದು ಸುಮ್ನೆ ಬಿದ್ದಿದ್ದರೆ ಅದನ್ನು ತೆಗೆದುಬಿಡಿ, ಡಿಫೆಂಡರ್ ತಾನಾಗಿ ಕೆಲಸ ಶುರು ಮಾಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಅದರಲ್ಲಿ ಡಿಫೆಂಡರ್‌ಗೆ ಬೇಕಾದ ವೈರಸ್ ಮಾಹಿತಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಕಂಪನಿ ಹೇಳಿದೆ.

ಪೆನ್‌ಡ್ರೈವ್ ವೈರಸ್‌ಗೂ ಡಿಫೆಂಡರೇ. ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿವೆ, ಫೈಲ್ ಹೋಯಿತು ಎಂದು ಹುಡುಗರು ಅಳುತ್ತಾ ಬರುತ್ತಾರೆ. ಹೆಚ್ಚಿನ ಸಲ ಫೈಲ್ ಹೋಗಿರುವುದಿಲ್ಲ, ವೈರಸ್ ಅವನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಶಾರ್ಟ್‌ಕಟ್ ಒತ್ತದೆ ಮೊದಲು ಸ್ಕ್ಯಾನ್ ಮಾಡಿ. ಆಮೇಲೆ ಅಡಗಿದ ಫೈಲ್ ತೋರಿಸುವ ಸೆಟ್ಟಿಂಗ್ ಹಾಕಿದರೆ ಸಾಮಾನ್ಯವಾಗಿ ಕಾಣುತ್ತವೆ.

ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಬಗ್ಗೆಯೂ ಒಂದು ಮಾತು. 2017ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುತ್ತದೆ. ಆಂಟಿವೈರಸ್ ಕಂಪನಿಗಳಾದ ಕ್ವಿಕ್ ಹೀಲ್, ಕೆ7, ಇಸ್ಕ್ಯಾನ್ ಮಾಡಿಕೊಟ್ಟ, ಬಾಟ್ (ಕಂಪ್ಯೂಟರನ್ನು ದೂರದಿಂದ ಕಳ್ಳರ ಹಿಡಿತಕ್ಕೆ ಕೊಡುವ ಪ್ರೋಗ್ರಾಂ) ತೆಗೆಯುವ ಟೂಲ್‌ಗಳು ಅಲ್ಲಿ ಬಿಟ್ಟಿ ಸಿಗುತ್ತವೆ. ಈ ಬಗ್ಗೆ ಮೊಬೈಲ್‌ಗೆ ಎಸ್‌ಎಂಎಸ್ ಬಂದರೆ ಜನ ಅದನ್ನೂ ಮೋಸ ಎಂದು ಅಳಿಸುತ್ತಾರೆ. ಅವರ ತಪ್ಪಿಲ್ಲ, ಕಾಲ ಹಾಗಿದೆ. ಎಸ್‌ಎಂಎಸ್ ಲಿಂಕ್ ಒತ್ತದೆ ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್ (csk.gov.in) ಎಂದು ನೀವೇ ಟೈಪ್ ಮಾಡಿ ಹೋಗಿ. ಚೆನ್ನೈ ಕ್ರಿಕೆಟ್ ತಂಡದ ಜಾಗ ಅಲ್ಲ ಅದು. ಎರಡನೇ ಅಭಿಪ್ರಾಯ ಬೇಕೆನಿಸಿದಾಗ ಉಪಯೋಗಕ್ಕೆ ಬರುತ್ತದೆ.

ಈ ಯಾವ ಟೂಲೂ ವಾಪಸ್ ತರಲಾರದ ನಷ್ಟ ಒಂದಿದೆ. ಈಚೆಗೆ ಹೊಸ ಬಗೆಯ ರೋಬೋ ಪರೀಕ್ಷೆ ಬಂದಿದೆ. ‘ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೆಯಿರಿ’ ಎನ್ನುತ್ತದೆ. ಆ ಪುಟ ನಿಮಗೆ ಕಾಣದಂತೆ ಒಂದು ಆಜ್ಞೆಯನ್ನು ಕಾಪಿ ಮಾಡಿಟ್ಟಿರುತ್ತದೆ, ನೀವೇ ಕೈಯಾರೆ ಅದನ್ನು ಓಡಿಸಿದಂತಾಯಿತು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಲಾಗಿನ್‌ಗಳು ಬೇಗನೆ ಕಳ್ಳನ ಕೈ ಸೇರುತ್ತವೆ. ಲುಮ್ಮಾ ಎಂಬ ಇಂಥ ಪಾಸ್‌ವರ್ಡ್ ಕಳ್ಳನ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಕಡಿದರು. ಅದಕ್ಕೆ ಮುಂಚಿನ ಎರಡು ತಿಂಗಳಲ್ಲಿ 3,94,000 ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ಕಂಡಿತ್ತು ಎಂದು ಮೈಕ್ರೋಸಾಫ್ಟ್ ಹೇಳಿತು.

ಹೀಗೆ ಒತ್ತಿಬಿಟ್ಟಿದ್ದೇನೆ ಎಂದು ಯಾರಾದರೂ ಬಂದರೆ ನಾನು ಸ್ಕ್ಯಾನ್ ಮಾಡುತ್ತಾ ಕೂರುವುದಿಲ್ಲ. ನೆಟ್ ಕಿತ್ತು, ಬೇರೆ ಮೊಬೈಲ್‌ನಿಂದ ಮೊದಲು ಇಮೇಲ್ ಪಾಸ್‌ವರ್ಡ್, ಆಮೇಲೆ ಬ್ಯಾಂಕಿನದು ಬದಲಿಸಿ, ಎಲ್ಲ ಡಿವೈಸ್‌ನಿಂದ ಲಾಗ್‌ಔಟ್ ಮಾಡಿಸುತ್ತೇನೆ. ಆಮೇಲೆ ಫೋಟೋ, ಡಾಕ್ಯುಮೆಂಟ್ ಬ್ಯಾಕಪ್ ತೆಗೆದು ಫಾರ್ಮ್ಯಾಟ್. ಇಲ್ಲಿ ಫಾರ್ಮ್ಯಾಟ್ ಸರಿ. ಟೂಲ್‌ಬಾರ್ ಬಂದಿದೆ ಎಂದು ಫಾರ್ಮ್ಯಾಟ್ ಮಾಡುವುದು ತಿಗಣೆಗೆ ಹೆದರಿ ಮಂಚ ಸುಟ್ಟಂತೆ.

ಆಡ್‌ಡಬ್ಲ್ಯುಕ್ಲೀನರ್‌ಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ, ಅದು ಕಾವಲು ಕಾಯುವುದಿಲ್ಲ, ನೀವು ಓಡಿಸಿದಾಗ ಮಾತ್ರ ಹುಡುಕುತ್ತದೆ. ಜೊತೆಗೆ ಅದರ ಪಟ್ಟಿಯನ್ನು ಓದಿ ಅರ್ಥ ಮಾಡಿಕೊಳ್ಳಲು ನಮ್ಮ ಮೇಷ್ಟ್ರಂಥವರಿಗೆ ಪಕ್ಕದಲ್ಲಿ ಒಬ್ಬರು ಬೇಕು. ಮಾಲ್‌ವೇರ್‌ಬೈಟ್ಸ್‌ನ ದೊಡ್ಡ ಸಾಫ್ಟ್‌ವೇರ್ ಬೇಕೆಂದರೆ ಅದರ ಪೂರ್ತಿ ಸೌಲಭ್ಯ 14 ದಿನ ಟ್ರಯಲ್, ಆಮೇಲೆ ಬಿಟ್ಟಿಯಾಗಿ ನೀವೇ ಓಡಿಸುವ ಸ್ಕ್ಯಾನ್ ಮಾತ್ರ ಉಳಿಯುತ್ತದೆ. ಮನೆ ಬಳಕೆಗೆ ಡಿಫೆಂಡರ್ ಸದಾ ಆನ್ ಇರಲಿ, ಬ್ರೌಸರ್ ಹುಚ್ಚಾಟ ಆಡಿದಾಗ ಇದನ್ನು ಕರೆಯಿರಿ. ಮ್ಯಾಕ್ ಇರುವವರು, ಮೊಬೈಲ್‌ಗೆ ಹುಡುಕುತ್ತಿರುವವರು ಬಿಟ್ಟುಬಿಡಿ. ಇದು ವಿಂಡೋಸ್‌ಗೆ ಮಾತ್ರ. ಅದೇ ಹೆಸರಿನಲ್ಲಿ ಮೊಬೈಲ್ ಆ್ಯಪ್ ಕಂಡರೆ ಹಾಕಿಕೊಳ್ಳಬೇಡಿ.